ಕ್ರೈಸ್ತ ಅನುಭಾವ ಮತ್ತು ಬೇರೆ ಧರ್ಮಗಳ ಜೊತೆ ಸಂವಾದ: ಪದೇ ಪದೇ ಕೇಳುವ ಪ್ರಶ್ನೆಗಳು

ಮೌನ ಪ್ರಾರ್ಥನೆ, ಧ್ಯಾನ, ಧರ್ಮಗಳ ನಡುವಿನ ಸಂವಾದ: ಈ ವಿಷಯ ಬಂದಾಗೆಲ್ಲ ಎರಡು ಕಡೆಯಿಂದ ಪ್ರಶ್ನೆಗಳು ಏಳುತ್ತವೆ. ಚರ್ಚಿಗೆ ಹೋಗುವವರಿಗೆ ‘ಇದು ನಮ್ಮದೇನಾ?’ ಅನ್ನುವ ಅಳುಕು. ಹೊರಗಿನವರಿಗೆ ‘ಇದರ ಹಿಂದೆ ಬೇರೇನೋ ಉದ್ದೇಶ ಇದೆಯಾ?’ ಅನ್ನುವ ಅನುಮಾನ. ಎರಡೂ ನ್ಯಾಯವಾದವೇ. ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಕ್ರೈಸ್ತ ಧರ್ಮದಲ್ಲಿ ಅನುಭಾವ ಅನ್ನೋದು ನಿಜವಾಗಿ ಇದೆಯಾ?

ಇದೆ, ಮೊದಲಿನಿಂದಲೂ ಇದೆ. ‘ಬದುಕುತ್ತಿರುವವನು ನಾನಲ್ಲ, ಕ್ರಿಸ್ತನೇ ನನ್ನೊಳಗೆ ಬದುಕುತ್ತಿದ್ದಾನೆ’ ಎಂದು ಪೌಲ ಗಲಾತ್ಯದವರಿಗೆ ಬರೆದದ್ದು ಒಂದನೇ ಶತಮಾನದಲ್ಲೇ. ನಾಲ್ಕನೇ ಶತಮಾನದ ಹೊತ್ತಿಗೆ ಈಜಿಪ್ಟ್, ಸಿರಿಯಾ, ಪ್ಯಾಲೆಸ್ಟೀನಿನ ಮರಳುಗಾಡಿನಲ್ಲಿ ಸನ್ಯಾಸಿಗಳೂ ಸನ್ಯಾಸಿನಿಯರೂ ಗುಡಿಸಲು ಹಾಕಿಕೊಂಡು, ಗವಿಗಳಲ್ಲಿ ಕೂತು, ಇದನ್ನೇ ಜೀವನ ಮಾಡಿಕೊಂಡಿದ್ದರು.

ಅವರಲ್ಲಿ ಇವಾಗ್ರಿಯಸ್ ಎಂಬಾತ ಪ್ರಾರ್ಥನೆಗೆ ಕೂತವನ ಮನಸ್ಸಿಗೆ ನುಗ್ಗುವ ಎಂಟು ಬಗೆಯ ಯೋಚನೆಗಳನ್ನು ಪಟ್ಟಿ ಮಾಡಿದ. ಅದರಲ್ಲಿ ‘ಮಧ್ಯಾಹ್ನದ ದೆವ್ವ’ದ ಬಗ್ಗೆ ಅವನು ಬರೆದದ್ದನ್ನು ಓದಿದರೆ ನಮ್ಮನ್ನೇ ನೋಡಿ ಬರೆದ ಹಾಗಿದೆ. ಹೊತ್ತು ಕದಲುವುದೇ ಇಲ್ಲ ಅನ್ನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯಾಚೆ ಇಣುಕುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಮಾತಾಡಿಸಲು ಬರುತ್ತಾರಾ ಎಂದು ಕಾಯುತ್ತಾನೆ. ಈ ಜಾಗವೇ ಸರಿಯಿಲ್ಲ, ಬೇರೆ ಕಡೆ ಹೋದರೆ ದೇವರು ಸುಲಭವಾಗಿ ಸಿಗಬಹುದು ಅಂತ ಲೆಕ್ಕ ಹಾಕುತ್ತಾನೆ. ಬೌದ್ಧರು ಧ್ಯಾನಕ್ಕೆ ಅಡ್ಡ ಬರುವ ಐದು ನೀವರಣಗಳಲ್ಲಿ ಜಡತೆ ಮತ್ತು ತೂಕಡಿಕೆಯನ್ನು ಸೇರಿಸುತ್ತಾರೆ. ಚಂಚಲತೆಯನ್ನೂ ಸೇರಿಸುತ್ತಾರೆ. ಸಂವಾದಕ್ಕೆ ಮೊದಲ ಜಾಗ ಇಂಥದ್ದೇ ಎಂದು ನನಗನ್ನಿಸುತ್ತದೆ. ತತ್ವದ ಮಾತು ಆಮೇಲೆ. ಕೂತವರಿಗೆಲ್ಲ ಆಗುವ ಬೇಸರ ಒಂದೇ ಥರದ್ದು.

ಹಾಗಾದರೆ ಭಾನುವಾರ ಚರ್ಚಿನಲ್ಲಿ ಇದರ ಬಗ್ಗೆ ಯಾಕೆ ಕೇಳುವುದಿಲ್ಲ? ಒಂದು ಕಾರಣ 17ನೇ ಶತಮಾನದ ಜಗಳ. ಸ್ಪೇನಿನ ಮೊಲಿನೋಸ್ ಎಂಬ ಪಾದ್ರಿಯ ಬೋಧನೆಗಳನ್ನು ರೋಮ್ 1687ರಲ್ಲಿ ಖಂಡಿಸಿತು. ಸುಮ್ನೆ ಕೂತರೆ ಸಾಕು, ಪ್ರಯತ್ನವೇ ಬೇಡ ಎನ್ನುವ ಕಡೆಗೆ ಅವನ ಬೋಧನೆ ವಾಲಿತ್ತು. ಅಲ್ಲಿಂದ ಮುಂದೆ ಮೌನ ಪ್ರಾರ್ಥನೆ ಅಂದರೇ ಗುಮಾನಿ ಬೆಳೆಯಿತು. ಅದೆಲ್ಲ ಮಠದೊಳಗಿನವರಿಗೆ, ಸಂಸಾರಸ್ಥರಿಗೆ ಬೇಡ ಎಂಬ ಅಭಿಪ್ರಾಯ ಬೇರೂರಿತು.

ದರ್ಶನ, ಪವಾಡ, ಮೈಮೇಲೆ ಬರುವುದು ಇದೇನಾ ಅನುಭಾವ?

ಅಲ್ಲ. ದರ್ಶನಗಳ ಬಗ್ಗೆ ಎಲ್ಲರಿಗಿಂತ ಜಾಸ್ತಿ ಎಚ್ಚರಿಕೆ ಕೊಟ್ಟವರು ಅನುಭಾವಿಗಳೇ. ಸ್ಪೇನಿನ ಸಂತ ಯೋಹಾನ (1542–1591) ದರ್ಶನ ಬಂದರೂ ಅದಕ್ಕೆ ಜೋತುಬೀಳಬೇಡಿ ಎನ್ನುತ್ತಾನೆ. ಅವನ ಜೊತೆಗಾತಿ ಆವಿಲಾದ ತೆರೇಸಾಗೆ ದರ್ಶನಗಳಾಗಿದ್ದವು. ಆದರೂ ಅವಳು ತನ್ನ ಸೋದರಿಯರಿಗೆ ಹೇಳಿದ್ದು ಅಡುಗೆಮನೆಯ ಪಾತ್ರೆಪಗಡಗಳ ನಡುವೆಯೂ ಕರ್ತನು ಓಡಾಡುತ್ತಾನೆ ಎಂದು. ಪ್ರೀತಿ ಬೆಳೆಯಿತಾ, ಅಹಂಕಾರ ಕರಗಿತಾ ಎನ್ನುವುದೇ ಅವರ ಅಳತೆ.

ಮೌನವಾಗಿ ಕೂತು ಮಾಡುವುದಾದರೂ ಏನು?

ಒಂದೇ ದಾರಿ ಅಂತ ಇಲ್ಲ. ಪೂರ್ವದ ಆರ್ಥಡಾಕ್ಸ್ ಪರಂಪರೆಯಲ್ಲಿ ಯೇಸುನಾಮದ ಪ್ರಾರ್ಥನೆ ಇದೆ. ‘ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ’ ಎಂದು ಉಸಿರು ಒಳಗೆಳೆದುಕೊಳ್ಳುವುದು. ‘ಪಾಪಿಯಾದ ನನ್ನನ್ನು ಕರುಣಿಸು’ ಎಂದು ಉಸಿರು ಬಿಡುವುದು. ಕೈಯಲ್ಲಿ ಗಂಟುಗಂಟಾದ ಉಣ್ಣೆಯ ದಾರ. ಒಂದು ಪ್ರಾರ್ಥನೆಗೆ ಒಂದು ಗಂಟು ಸರಿಯುತ್ತದೆ. ಮೊದಲು ತುಟಿಯಲ್ಲಿ, ಆಮೇಲೆ ಮನಸ್ಸಿನಲ್ಲಿ, ಕೊನೆಗೆ ಹೃದಯದಲ್ಲಿ ತಾನಾಗಿ ನಡೆಯಬೇಕು ಎನ್ನುತ್ತಾರೆ.

14ನೇ ಶತಮಾನದ ಇಂಗ್ಲೆಂಡಿನ ಒಬ್ಬ ಅನಾಮಿಕ ಗುರು ಇನ್ನೂ ಚಿಕ್ಕ ದಾರಿ ತೋರಿಸಿದ. ‘ದೇವರು’ ಅಥವಾ ‘ಪ್ರೀತಿ’ಯಂಥ ಒಂದೇ ಪುಟ್ಟ ಪದ ಹಿಡಿದುಕೋ, ಯೋಚನೆ ಬಂದಾಗ ಅದಕ್ಕೆ ಆ ಪದವೇ ಉತ್ತರವಾಗಲಿ ಎಂದ. 1970ರ ದಶಕದಲ್ಲಿ ಅಮೆರಿಕದ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳು ಇದನ್ನೇ ಇವತ್ತಿನವರಿಗೆ ಹೊಂದಿಸಿ ಕಲಿಸತೊಡಗಿದರು.

ಇದು ಜಪವೇ ಅಲ್ವಾ? ಯೋಗದಿಂದ ಕದ್ದದ್ದು ಅಂತಾರಲ್ಲ?

ನೋಡಲು ಜಪದ ಹಾಗೇ ಇದೆ. ಸೂಫಿಗಳು ದೇವರ ನಾಮವನ್ನು ಮತ್ತೆ ಮತ್ತೆ ನೆನೆಯುವ ಜಿಕ್ರ್‌ನ ಹಾಗೆಯೂ ಇದೆ. ಉಸಿರು, ನಾಮ, ಎಣಿಸುವ ಮಾಲೆ, ಕೂರುವ ಭಂಗಿ ಎಲ್ಲ ಕಡೆಯೂ ಸಿಗುತ್ತವೆ. ಆದರೆ ಯೇಸುನಾಮದ ಪ್ರಾರ್ಥನೆ ಹುಟ್ಟಿದ್ದು ಮರಳುಗಾಡಿನ ಸನ್ಯಾಸಿಗಳ ಚಿಕ್ಕ ಚಿಕ್ಕ ಬೇಡಿಕೆಗಳಿಂದ. 14ನೇ ಶತಮಾನದಲ್ಲಿ ಗ್ರೀಸಿನ ಆಥೋಸ್ ಬೆಟ್ಟದ ಸನ್ಯಾಸಿಗಳು ತಲೆ ತಗ್ಗಿಸಿ, ಉಸಿರು ಹಿಡಿದು ಪ್ರಾರ್ಥಿಸುವುದನ್ನು ಕಂಡು ಅವರ ಕಾಲದವರೇ ಗೇಲಿ ಮಾಡಿದ್ದರು. ಅವರ ಪರವಾಗಿ ನಿಂತವನು ಗ್ರೆಗರಿ ಪಲಮಾಸ್. ದೇಹವೂ ಪ್ರಾರ್ಥನೆಯಲ್ಲಿ ಪಾಲುಗೊಳ್ಳುತ್ತದೆ ಎಂದು ಅವನು ವಾದಿಸಿದ. 1341 ಮತ್ತು 1351ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಅವನ ಮಾತನ್ನು ಎತ್ತಿಹಿಡಿದವು.

ಹಾಗಂತ ಎರವಲು ನಡೆದೇ ಇಲ್ಲ ಎನ್ನಲಾಗದು. ಮುಂದೆ ಬೆನೆಡಿಕ್ಟೈನ್ ಪಂಗಡದ ಸನ್ಯಾಸಿಯಾದ ಜಾನ್ ಮೇನ್ ಮಂತ್ರಧ್ಯಾನ ಕಲಿತದ್ದು ಮಲೇಷ್ಯಾದಲ್ಲಿ, ಸ್ವಾಮಿ ಸತ್ಯಾನಂದ ಎಂಬ ಹಿಂದೂ ಗುರುವಿನಿಂದ. ಸ್ವಾಮಿಗಳು ಅವನಿಗೆ ಕ್ರೈಸ್ತ ಮಂತ್ರವನ್ನೇ ಹಿಡಿಯಲು ಹೇಳಿದರು. ಆಮೇಲೆ ಮೇನ್ ಐದನೇ ಶತಮಾನದ ಸನ್ಯಾಸಿ ಕ್ಯಾಸಿಯನ್‌ನ ಬರಹದಲ್ಲಿ ಅದೇ ಥರದ ಸಾಧನೆ ಕಂಡ. ಕೀರ್ತನೆಯ ಒಂದೇ ಸಾಲನ್ನು ಎಡೆಬಿಡದೆ ಹೇಳುವುದು ಅದು. ತನ್ನ ಮನೆಯಲ್ಲೇ ಇದ್ದ ನಿಧಿಯನ್ನು ಪರಧರ್ಮದ ಗುರು ತೋರಿಸಿಕೊಟ್ಟ ಹಾಗಾಯಿತು. ಸಂವಾದದಿಂದ ಇಂಥದ್ದು ಆಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಕೊಡುಕೊಳ್ಳುವಿಕೆ ಇತ್ತೀಚಿನದ್ದಾ?

ತುಂಬಾ ಹಳೆಯದು. ಬುದ್ಧನ ಜೀವನಕಥೆ ಮಧ್ಯ ಏಷ್ಯಾ, ಅರಬ್ಬಿ, ಜಾರ್ಜಿಯನ್, ಗ್ರೀಕ್ ಭಾಷೆಗಳನ್ನು ದಾಟಿ ಯುರೋಪಿಗೆ ಹೋಗುವಷ್ಟರಲ್ಲಿ ಬೋಧಿಸತ್ವ ‘ಜೋಸಫಾತ್’ ಎಂಬ ಕ್ರೈಸ್ತ ಸಂತನಾಗಿಬಿಟ್ಟಿದ್ದ! ರೋಮ್‌ನ ಸಂತರ ಪಟ್ಟಿಯಲ್ಲಿ ಅವನ ಹೆಸರು ನವೆಂಬರ್ 27ಕ್ಕೆ ಇತ್ತು.

ಇನ್ನೊಂದು. 13ನೇ ಶತಮಾನದ ಧರ್ಮಯುದ್ಧದ ಕಾಲ. ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಯ ಕಡೆಯಿಂದ ಈವ್ ಎಂಬ, ಅರಬ್ಬಿ ಬಲ್ಲ ಡೊಮಿನಿಕನ್ ಸನ್ಯಾಸಿ ದಮಾಸ್ಕಸ್‌ಗೆ ಹೋಗಿದ್ದ. ಬೀದಿಯಲ್ಲಿ ಒಬ್ಬ ಮುದುಕಿ ಬಲಗೈಯಲ್ಲಿ ಬೆಂಕಿ, ಎಡಗೈಯಲ್ಲಿ ನೀರು ಹಿಡಿದು ಹೋಗುತ್ತಿದ್ದಳು. ಯಾಕಮ್ಮ ಎಂದು ಕೇಳಿದ. ಬೆಂಕಿಯಿಂದ ಸ್ವರ್ಗವನ್ನು ಸುಡುತ್ತೇನೆ, ನೀರಿನಿಂದ ನರಕವನ್ನು ಆರಿಸುತ್ತೇನೆ, ಆಗ ಜನ ಆಸೆಗೂ ಭಯಕ್ಕೂ ಅಲ್ಲದೆ ಬರೀ ದೇವರ ಪ್ರೀತಿಗಾಗಿ ಒಳ್ಳೆಯದು ಮಾಡುತ್ತಾರೆ ಎಂದಳಂತೆ. ದೊರೆಯ ಜೊತೆಗಿದ್ದ ಜ್ವಾನ್‌ವಿಲ್ ಇದನ್ನು ಬರೆದಿಟ್ಟ. ಇದೇ ಕಥೆಯನ್ನು ಸೂಫಿಗಳು ಎಂಟನೇ ಶತಮಾನದ ಬಸ್ರಾದ ರಾಬಿಯಾಳ ಬಗ್ಗೆ ಹೇಳುತ್ತಾರೆ. ಕತ್ತಿ ಹಿಡಿದು ಹೋದವರ ಗುಂಪು ಶತ್ರುಗಳ ಸಂತಳ ಮಾತನ್ನು ಜೋಪಾನವಾಗಿ ಮನೆಗೆ ತಂದಿತು ನೋಡಿ.

ಕೊನೆಗೆ ಎಲ್ಲ ಅನುಭಾವಿಗಳೂ ಹೇಳುವುದು ಒಂದೇ ತಾನೆ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಹೌದು ಎಂದರೆ ಕೇಳುವವರಿಗೂ ಖುಷಿ. ಆದರೆ ನನ್ನ ಉತ್ತರ: ಹತ್ತಿರ ಬರುತ್ತಾರೆ, ಒಂದೇ ಅಲ್ಲ.

ಹತ್ತಿರ ಬರುವುದು ಎಲ್ಲಿ? ದೇವರ ಬಗ್ಗೆ ಮಾತು ಸೋಲುವ ಕಡೆ. ಸುಮಾರು ಕ್ರಿ.ಶ. 500ರಲ್ಲಿ ಡಯೋನೀಸಿಯಸ್ ಹೆಸರಿನಲ್ಲಿ ಬರೆದ ಸಿರಿಯಾದ ಲೇಖಕ, ದೇವರು ಅದಲ್ಲ, ಇದಲ್ಲ ಎನ್ನುತ್ತಾ ಹೋಗಿ ಕೊನೆಗೆ ಆ ‘ಅಲ್ಲ’ವನ್ನೂ ಬಿಡುತ್ತಾನೆ. ಬೃಹದಾರಣ್ಯಕದ ‘ನೇತಿ ನೇತಿ’ ತಟ್ಟನೆ ನೆನಪಾಗುತ್ತದೆ. ಜರ್ಮನಿಯ ಮೈಸ್ಟರ್ ಎಕ್ಹಾರ್ಟ್ (ಸು. 1260–1328) ದೇವರ ಆಳವನ್ನು ಏನೂ ಬೆಳೆಯದ ಮರಳುಗಾಡು ಎಂದು ಕರೆಯುತ್ತಾನೆ. ಅಲ್ಲಮನ ಬಯಲು ಬಲ್ಲವರಿಗೆ ಅವನು ಅಪರಿಚಿತ ಅನ್ನಿಸುವುದಿಲ್ಲ. ಎಕ್ಹಾರ್ಟ್ ಮತ್ತು ಶಂಕರರನ್ನು ಅಕ್ಕಪಕ್ಕ ಇಟ್ಟು ರುಡಾಲ್ಫ್ ಒಟ್ಟೊ 1926ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಹೋಲಿಕೆಯ ಜೊತೆಗೆ ವ್ಯತ್ಯಾಸಗಳನ್ನೂ ಅಷ್ಟೇ ಶ್ರದ್ಧೆಯಿಂದ ತೋರಿಸಿದ.

ಬೇರೆಯಾಗುವುದು ಎಲ್ಲಿ? ಅಕ್ಕಮಹಾದೇವಿಯನ್ನೂ ಫ್ರಾನ್ಸಿನ ಕ್ಲೇರ್ವೋ ಮಠದ ಬರ್ನಾರ್ಡ್‌ನನ್ನೂ ಒಟ್ಟಿಗೆ ಓದಿ. ಇಬ್ಬರೂ 12ನೇ ಶತಮಾನದವರು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವ ಸಾಧ್ಯತೆಯೇ ಇಲ್ಲ. ಇಬ್ಬರಿಗೂ ದೇವರು ಗಂಡ, ಆತ್ಮ ಹೆಂಡತಿ. ಬರ್ನಾರ್ಡ್ ಬೈಬಲಿನ ಪರಮಗೀತೆಯ ಮೇಲೆ 86 ಪ್ರವಚನ ಮಾಡಿದ. ಆದರೂ ಮುಗಿಸಲಾಗಲಿಲ್ಲ. ಅಗಲಿಕೆ, ಕಾತರ, ಕೂಡುವ ಸುಖ ಎಲ್ಲ ಇಬ್ಬರಲ್ಲೂ ಇದೆ. ಆದರೆ ಅಕ್ಕ ಒಲಿದದ್ದು ಸಾವಿಲ್ಲದ, ಕೇಡಿಲ್ಲದ, ರೂಹಿಲ್ಲದ ಚೆಲುವನಿಗೆ. ಸಾಯುವ ಕೆಡುವ ಗಂಡಂದಿರನ್ನು ಒಲೆಯೊಳಗಿಕ್ಕು ಎಂದವಳು ಅವಳು. ಬರ್ನಾರ್ಡ್ ಒಲಿದವನಿಗೆ ಹುಟ್ಟಿದ ಊರಿದೆ, ಸಾವಿದೆ, ಅಂಗೈಯಲ್ಲಿ ಮೊಳೆಯ ಗಾಯವಿದೆ. ಆ ಗಾಯದಲ್ಲೇ ಅವನು ಆಸರೆ ಹುಡುಕುತ್ತಾನೆ.

ಇದನ್ನು ಚಿಕ್ಕ ವಿಷಯ ಅಂದುಕೊಂಡು ಬದಿಗೆ ಸರಿಸಿದರೆ ಅಕ್ಕನಿಗೂ ಅನ್ಯಾಯ, ಬರ್ನಾರ್ಡ್‌ನಿಗೂ ಅನ್ಯಾಯ. ಇಬ್ಬರ ಮಾತಿನ ಬಿಸಿ ಇರುವುದೇ ಅಲ್ಲಿ. ‘ಎಲ್ಲಾ ಒಂದೇ’ ಎಂದುಬಿಟ್ಟರೆ ಕೇಳಲು ಏನೂ ಉಳಿಯುವುದಿಲ್ಲ. ಇನ್ನೊಬ್ಬರ ದಾರಿ ನನ್ನದಲ್ಲ ಎಂದು ಗೊತ್ತಿದ್ದೂ ಅದರ ಮುಂದೆ ತಲೆಬಾಗುವುದಕ್ಕೆ ಹೆಚ್ಚು ಪ್ರೀತಿ ಬೇಕು.

ಅದ್ವೈತಕ್ಕೂ ತ್ರಿತ್ವಕ್ಕೂ ಹೇಗೆ ಹೊಂದಾಣಿಕೆ?

ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯ (1861–1907) ಒಂದು ದಾರಿ ತೋರಿಸಿದರು. ತ್ರಿತ್ವವನ್ನು, ಅಂದರೆ ಒಬ್ಬನೇ ದೇವರಲ್ಲಿರುವ ತಂದೆ, ಮಗ, ಪವಿತ್ರಾತ್ಮವನ್ನು, ಸತ್, ಚಿತ್, ಆನಂದ ಎಂದು ಹಾಡಿದರು. 1898ರ ಅವರ ಸಂಸ್ಕೃತ ಸ್ತೋತ್ರವನ್ನು ಇವತ್ತಿಗೂ ಹಾಡುತ್ತಾರೆ. 1950ರಲ್ಲಿ ಇಬ್ಬರು ಫ್ರೆಂಚ್ ಪಾದ್ರಿಗಳು, ಜೂಲ್ ಮೊನ್ಶಾನಿನ್ ಮತ್ತು ಆನ್ರಿ ಲ ಸೋ, ತಮಿಳುನಾಡಿನ ಕುಳಿತ್ತಲೈ ಹತ್ತಿರ ಕಾವೇರಿ ದಡದಲ್ಲಿ ಆಶ್ರಮ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರೂ ಸಚ್ಚಿದಾನಂದ ಆಶ್ರಮ. ಜನ ಕರೆಯುವುದು ಶಾಂತಿವನ ಎಂದು.

ಲ ಸೋ ಅಭಿಷಿಕ್ತಾನಂದ ಎಂಬ ಹೆಸರು ಇಟ್ಟುಕೊಂಡರು. 1949ರಲ್ಲಿ ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳನ್ನು ಕಂಡದ್ದು ಅವರ ಬದುಕನ್ನೇ ಅಲ್ಲಾಡಿಸಿತು. ಆಮೇಲೆ ಅರುಣಾಚಲದ ಗವಿಗಳಲ್ಲಿ ಮೌನವಾಗಿ ಕೂತರು. ಅದ್ವೈತ, ಕ್ರೈಸ್ತ ನಂಬಿಕೆ ಎರಡೂ ಸತ್ಯ ಎಂದು ಒಳಗೆ ಅನ್ನಿಸುತ್ತಿತ್ತು, ಎರಡನ್ನೂ ಒಂದು ವಾಕ್ಯದಲ್ಲಿ ಹೇಳಲು ಆಗುತ್ತಿರಲಿಲ್ಲ. ಈ ತಳಮಳ ಅವರ ದಿನಚರಿಯ ಪುಟಪುಟದಲ್ಲೂ ಇದೆ. ಬಲಿಪೂಜೆಯನ್ನೂ ಬಿಡಲಿಲ್ಲ, ಉಪನಿಷತ್ತನ್ನೂ ಬಿಡಲಿಲ್ಲ. 1973ರಲ್ಲಿ ತೀರಿಕೊಳ್ಳುವ ಮುಂಚಿನ ತಿಂಗಳುಗಳಲ್ಲಿ, ಹೃದಯಾಘಾತದ ನಂತರ, ದೊಡ್ಡ ಬಿಡುಗಡೆಯ ಭಾವದಲ್ಲಿ ಬರೆದರು. ಹೊಂದಾಣಿಕೆಯ ಸೂತ್ರ ಸಿಕ್ಕಿತು ಎಂದು ಅವರು ಹೇಳಲಿಲ್ಲ. ಸೂತ್ರ ಕೇಳುವವರಿಗೆ ನಾನು ಅವರ ಬದುಕನ್ನೇ ತೋರಿಸುತ್ತೇನೆ.

1968ರಲ್ಲಿ ಇಂಗ್ಲೆಂಡಿನ ಸನ್ಯಾಸಿ ಬೀಡ್ ಗ್ರಿಫಿತ್ಸ್ ಶಾಂತಿವನಕ್ಕೆ ಬಂದು 1993ರವರೆಗೆ ಅದನ್ನು ನಡೆಸಿದರು. ಅಲ್ಲಿನ ಪ್ರಾರ್ಥನೆಯಲ್ಲಿ ಕೀರ್ತನೆಗಳ ಜೊತೆ ವೇದ, ಉಪನಿಷತ್ತಿನ ಭಾಗಗಳನ್ನೂ ಓದುತ್ತಾರೆ. ಬೆಳಿಗ್ಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ ಹಚ್ಚಿಕೊಳ್ಳುವ ರೂಢಿ ಬೆಳೆಯಿತು.

ಭಕ್ತಿ ಪರಂಪರೆಯ ಕಡೆಯಿಂದ ಬಂದವರು ಯಾರೂ ಇಲ್ಲವಾ?

ಇದ್ದಾರೆ. ಮರಾಠಿ ಕವಿ ನಾರಾಯಣ ವಾಮನ ತಿಲಕ್ (1861–1919) ತುಕಾರಾಮರ ಸೇತುವೆ ದಾಟಿ ಕ್ರಿಸ್ತನ ಬಳಿ ಬಂದೆ ಎಂದು ಹೇಳಿಕೊಂಡರು. ಅವರ ಕ್ರೈಸ್ತ ಪದಗಳು ಅಭಂಗಗಳ ಧಾಟಿಯಲ್ಲೇ ಇವೆ. ಪಂಜಾಬಿನ ಸಾಧು ಸುಂದರ್ ಸಿಂಗ್ ಕಾವಿ ಉಟ್ಟು ಕಾಲ್ನಡಿಗೆಯಲ್ಲಿ ಸುತ್ತಿದರು. ಇಬ್ಬರೂ ಸೇರಿದ್ದು ಪ್ರಾಟೆಸ್ಟೆಂಟ್ ಸಭೆಗಳನ್ನು. ಇದು ಕ್ಯಾಥೊಲಿಕರದ್ದು ಮಾತ್ರ ಎನ್ನುವವರು ಇವರನ್ನು ಓದಬೇಕು.

ಇಸ್ಲಾಮಿನ ಜೊತೆ ಇಂಥ ಸಂವಾದ ಸಾಧ್ಯವಾ?

ಸಾಧ್ಯ, ಆಗಿದೆ, ಪ್ರಾಣ ಕೊಟ್ಟೂ ಆಗಿದೆ. 1219ರಲ್ಲಿ ಅಸಿಸಿಯ ಫ್ರಾನ್ಸಿಸ್ ಯುದ್ಧದ ನಡುವೆಯೇ ಈಜಿಪ್ಟಿನ ದಾಮಿಯೆಟ್ಟಾದಲ್ಲಿ ಗಡಿ ದಾಟಿ ಸುಲ್ತಾನ ಅಲ್-ಕಾಮಿಲ್‌ನನ್ನು ಭೇಟಿಯಾದ. ಸುಲ್ತಾನ ಅವನನ್ನು ಗೌರವದಿಂದ ಕಳಿಸಿಕೊಟ್ಟ. 1934ರಲ್ಲಿ ಅದೇ ಊರಿನಲ್ಲಿ ಫ್ರೆಂಚ್ ವಿದ್ವಾಂಸ ಲೂಯಿ ಮಾಸಿನ್ಯೋ ಮತ್ತು ಈಜಿಪ್ಟಿನ ಮೇರಿ ಕಾಹಿಲ್, ಮುಸ್ಲಿಮರಿಗಾಗಿ ತಮ್ಮನ್ನೇ ಅರ್ಪಿಸಿಕೊಳ್ಳುವ ಪ್ರಾರ್ಥನಾ ಬಳಗ ಶುರು ಮಾಡಿದರು. ಮಾಸಿನ್ಯೋ ಬದುಕಿಡೀ ಓದಿದ್ದು 922ರಲ್ಲಿ ಬಾಗ್ದಾದಿನಲ್ಲಿ ಕೊಲ್ಲಲ್ಪಟ್ಟ ಸೂಫಿ ಹಲ್ಲಾಜ್‌ನನ್ನು. ಕಳೆದುಹೋಗಿದ್ದ ತನ್ನ ಕ್ರೈಸ್ತ ನಂಬಿಕೆ ಮರಳಿ ಸಿಕ್ಕಿದ್ದು ಮುಸ್ಲಿಮರ ನಡುವೆ ಎಂದು ಅವರು ಎಂದೂ ಮರೆಯಲಿಲ್ಲ.

ಅಲ್ಜೀರಿಯಾದ ತಿಬಿರಿನ್ ಮಠದ ವಿಷಯ ಹೇಳದೆ ಈ ಉತ್ತರ ಮುಗಿಯದು. ಅಲ್ಲಿನ ಟ್ರಾಪಿಸ್ಟ್ ಸನ್ಯಾಸಿಗಳು ಊರಿನ ಮುಸ್ಲಿಮರ ಜೊತೆ ತೋಟ ಮಾಡುತ್ತಿದ್ದರು. ಅವರಲ್ಲೊಬ್ಬರು ವೈದ್ಯರು, ಊರವರಿಗೆಲ್ಲ ಔಷಧಿ ಕೊಡುತ್ತಿದ್ದರು. ಹತ್ತಿರದ ಸೂಫಿ ಬಳಗದವರು ಮಠಕ್ಕೆ ಬಂದು ಅವರ ಜೊತೆ ಮೌನವಾಗಿ ಪ್ರಾರ್ಥಿಸುತ್ತಿದ್ದರು. ಮಠದ ಹಿರಿಯ ಕ್ರಿಸ್ಟಿಯಾನ್ ದ ಷೆರ್ಜೆ ಹತ್ತಿರ ಒಬ್ಬ ಮುಸ್ಲಿಂ ಗೆಳೆಯ ಆಗಾಗ ಆಧ್ಯಾತ್ಮದ ಮಾತಿಗೆ ಬರುತ್ತಿದ್ದ. ಅದನ್ನು ‘ನಮ್ಮ ಬಾವಿ ತೋಡುವುದು’ ಎಂದು ಕರೆಯುತ್ತಿದ್ದರು. ಒಮ್ಮೆ ಷೆರ್ಜೆ ತಮಾಷೆಗೆ ಕೇಳಿದರು: ತಳದಲ್ಲಿ ಸಿಗುವುದು ಕ್ರೈಸ್ತರ ನೀರೋ, ಮುಸ್ಲಿಮರ ನೀರೋ? ಇಷ್ಟು ದಿನ ಜೊತೆಗೆ ನಡೆದೂ ಇದನ್ನು ಕೇಳುತ್ತೀಯಾ, ಸಿಗುವುದು ದೇವರ ನೀರು ಎಂದ ಗೆಳೆಯ. ದೇಶದಲ್ಲಿ ಅಂತರ್ಯುದ್ಧ ಜೋರಾದಾಗ ಹೊರಟುಹೋಗಿ ಎಂದು ಎಚ್ಚರಿಕೆ ಬಂತು. ಅವರು ಚರ್ಚಿಸಿ ಉಳಿದರು. 1996ರ ಮಾರ್ಚ್‌ನಲ್ಲಿ ಏಳು ಜನರನ್ನು ಅಪಹರಿಸಿದರು, ಮೇ ತಿಂಗಳಲ್ಲಿ ಅವರ ಸಾವು ಗೊತ್ತಾಯಿತು. ಷೆರ್ಜೆ ಮೊದಲೇ ಬರೆದಿಟ್ಟಿದ್ದ ಪತ್ರದಲ್ಲಿ ತನ್ನನ್ನು ಕೊಲ್ಲಬಹುದಾದವನನ್ನೂ ಗೆಳೆಯ ಎಂದು ಕರೆದಿದ್ದರು.

ಬೌದ್ಧರು ದೇವರನ್ನೇ ಹೇಳುವುದಿಲ್ಲ. ಅವರ ಜೊತೆ ಮಾತಾಡುವುದೇನು?

ಅನುಭಾವಿಗಳಿಗೆ ಅಲ್ಲೇ ಮಾತು ಸುಲಭವಾಗಿದೆ. ಸಿದ್ಧಾಂತ ಹೊಂದುವುದಿಲ್ಲ ಎಂದು ಇಬ್ಬರಿಗೂ ಮೊದಲೇ ಗೊತ್ತು, ಹಾಗಾಗಿ ಸಾಧನೆಯ ಬಗ್ಗೆ ಮಾತಾಡುತ್ತಾರೆ. ಅಮೆರಿಕದ ಟ್ರಾಪಿಸ್ಟ್ ಸನ್ಯಾಸಿ ಥಾಮಸ್ ಮರ್ಟನ್ 1968ರ ನವೆಂಬರಿನಲ್ಲಿ ಧರ್ಮಶಾಲಾದಲ್ಲಿ ದಲೈ ಲಾಮಾ ಅವರನ್ನು ಭೇಟಿಯಾದಾಗ ಇಬ್ಬರೂ ಮಾತಾಡಿದ್ದು ಮನಸ್ಸನ್ನು ನಿಲ್ಲಿಸುವ ವಿಧಾನಗಳ ಬಗ್ಗೆ, ಸನ್ಯಾಸಿಗಳ ದಿನಚರಿಯ ಬಗ್ಗೆ. ಮರುತಿಂಗಳೇ ಮರ್ಟನ್ ಬ್ಯಾಂಕಾಕ್ ಹತ್ತಿರ ತೀರಿಕೊಂಡರು. ಕ್ರೈಸ್ತ ಧರ್ಮದ ಆಳ ತನಗೆ ಅವರಿಂದ ಗೊತ್ತಾಯಿತು ಎಂದು ದಲೈ ಲಾಮಾ ಆಮೇಲೂ ಹೇಳುತ್ತಾ ಬಂದಿದ್ದಾರೆ. 1979ರಿಂದ ಜಪಾನಿನ ಜೆನ್ ಸನ್ಯಾಸಿಗಳು ಯುರೋಪಿನ ಬೆನೆಡಿಕ್ಟೈನ್ ಮಠಗಳಲ್ಲಿ, ಇವರು ಅವರ ಮಠಗಳಲ್ಲಿ ಹೋಗಿ ಇದ್ದು ಬರುವ ಪದ್ಧತಿಯೂ ಶುರುವಾಯಿತು.

ಕ್ಯಾಥೊಲಿಕ್ ಧರ್ಮಸಭೆ ಇದನ್ನೆಲ್ಲ ಒಪ್ಪುತ್ತದಾ?

ಒಪ್ಪುತ್ತದೆ, ಎಚ್ಚರಿಕೆಯನ್ನೂ ಕೊಡುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲ ಎಂದು ಘೋಷಿಸಿತು. 1989ರಲ್ಲಿ ವ್ಯಾಟಿಕನ್ ಧ್ಯಾನದ ಬಗ್ಗೆಯೇ ಒಂದು ಪತ್ರ ಹೊರಡಿಸಿತು. ಬೇರೆ ಪರಂಪರೆಯ ವಿಧಾನಗಳಿಂದ ಉಪಯುಕ್ತವಾದದ್ದನ್ನು ತೆಗೆದುಕೊಳ್ಳಬಹುದು, ಆದರೆ ದೇಹಕ್ಕೆ ಆಗುವ ಹಿತವನ್ನೇ ಪವಿತ್ರಾತ್ಮದ ಕೆಲಸ ಅಂದುಕೊಳ್ಳಬೇಡಿ ಎಂದಿತು. ಒಳ್ಳೆಯ ಮಾತೇ.

ಆದರೂ ಇತಿಹಾಸ ಮುಚ್ಚಿಡುವುದು ಬೇಡ. ಎಕ್ಹಾರ್ಟ್‌ನ 28 ಹೇಳಿಕೆಗಳನ್ನು 1329ರಲ್ಲಿ ಪೋಪ್ ಖಂಡಿಸಿದರು. ಸಂತ ಯೋಹಾನನನ್ನು ಟೊಲೆಡೊದಲ್ಲಿ ಒಂಬತ್ತು ತಿಂಗಳು ಕೂಡಿಹಾಕಿದ್ದು ಅವನದೇ ಸಭೆಯ ಸನ್ಯಾಸಿಗಳು. ಅವನ ಅತ್ಯುತ್ತಮ ಕವಿತೆಗಳು ಹುಟ್ಟಿದ್ದು ಆ ಕತ್ತಲ ಕೋಣೆಯಲ್ಲಿ.

ಕಾವಿ, ಓಂಕಾರ, ಆಶ್ರಮ… ಇದು ಮತಾಂತರದ ಹೊಸ ವೇಷ ಅಲ್ವಾ?

ಈ ಅನುಮಾನಕ್ಕೆ ಸಿಟ್ಟಾಗುವುದು ತಪ್ಪು. 1980ರ ದಶಕದಲ್ಲಿ ಹಿಂದೂ ಲೇಖಕರು ಶಾಂತಿವನದಂಥ ಆಶ್ರಮಗಳನ್ನು ಕಟುವಾಗಿ ಪ್ರಶ್ನಿಸಿದರು. ಶಿಲುಬೆಯ ಮೇಲೆ ಓಂಕಾರ ಬರೆಯುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ಕೇಳಿದರು. ಇನ್ನೊಂದು ಕಡೆ ದಲಿತ ಕ್ರೈಸ್ತರು ಕೇಳಿದ್ದು ಇನ್ನೂ ಚುಚ್ಚುವ ಪ್ರಶ್ನೆ: ನಮ್ಮನ್ನು ಹೊರಗಿಟ್ಟ ಸಂಸ್ಕೃತವನ್ನೇ ಚರ್ಚಿನೊಳಗೆ ತರುತ್ತೀರಲ್ಲ, ನಮ್ಮ ತಮಟೆಗೆ, ನಮ್ಮ ಹಾಡಿಗೆ ಜಾಗ ಎಲ್ಲಿ?

ಎರಡಕ್ಕೂ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಅಭಿಷಿಕ್ತಾನಂದರ ಬದುಕು ನೋಡಿದರೆ ಬದಲಾದವರು ಅವರೇ ಹೊರತು ಅವರ ಸುತ್ತಲಿನ ಹಿಂದೂಗಳಲ್ಲ. ಆದರೆ ಒಬ್ಬರ ಪ್ರಾಮಾಣಿಕತೆ ಎಲ್ಲರಿಗೂ ಜಾಮೀನಾಗುವುದಿಲ್ಲ. ಎದುರಿನವರು ಮತ ಬದಲಿಸಲಿ ಎಂಬ ಲೆಕ್ಕ ಮನಸ್ಸಿನಲ್ಲಿದ್ದರೆ ಅದನ್ನು ಸಂವಾದ ಎಂದು ಕರೆಯಬಾರದು. ನಂಬಿಕೆಯನ್ನು ಮುಚ್ಚಿಟ್ಟು ಮಾತಾಡಿದರೂ ಅದು ಸಂವಾದವಲ್ಲ.

ಪ್ರಾರ್ಥನೆಯಲ್ಲಿ ಬರೀ ಕತ್ತಲೆ. ಇದೇನಾ ‘ಆತ್ಮದ ಕತ್ತಲ ರಾತ್ರಿ’?

ಇರಬಹುದು, ಇಲ್ಲದಿರಬಹುದು. ದೇವರೇ ದೂರವಾದ ಹಾಗೆ ಅನ್ನಿಸುವ ಕಾಲಕ್ಕೆ ಆ ಹೆಸರು ಕೊಟ್ಟ ಸಂತ ಯೋಹಾನನೇ ಇದನ್ನು ಖಿನ್ನತೆಯಿಂದ ಬೇರೆ ಮಾಡಿ ನೋಡಲು ಹೇಳಿದ್ದಾನೆ. ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ನೋವಿಗೆ ಆಧ್ಯಾತ್ಮದ ಹೆಸರು ಕೊಟ್ಟು ಮುಂದೂಡಬೇಡಿ. ಔಷಧಿ ತೆಗೆದುಕೊಂಡರೆ ಪ್ರಾರ್ಥನೆಗೆ ಯಾವ ಅಡ್ಡಿಯೂ ಇಲ್ಲ.

ನಾನು ಎಲ್ಲಿಂದ ಶುರು ಮಾಡಲಿ?

ನಿಮ್ಮದೇ ಪರಂಪರೆಯಿಂದ. ಕ್ರೈಸ್ತರಾಗಿದ್ದರೆ ಕೀರ್ತನೆಯ ಒಂದು ಸಾಲು ಅಥವಾ ಯೇಸುವಿನ ಹೆಸರು ಹಿಡಿದು ಬೆಳಿಗ್ಗೆ ಸಂಜೆ ಇಪ್ಪತ್ತು ನಿಮಿಷ ಕೂರಿ. ಮನಸ್ಸು ಓಡಿದಾಗ ಬೈದುಕೊಳ್ಳದೆ ಆ ಸಾಲಿಗೆ ಮರಳಿ. ದಾರಿ ಬಲ್ಲ ಹಿರಿಯರೊಬ್ಬರಿಗೆ ಆಗಾಗ ನಡೆದದ್ದನ್ನು ಹೇಳಿ. ಹಣ, ಮೈ, ಗುಟ್ಟು, ಈ ಮೂರರಲ್ಲಿ ಯಾವುದನ್ನು ಕೇಳುವ ಗುರುವಿನಿಂದಲೂ ದೂರ ಇರಿ, ಅವರು ಯಾವ ಧರ್ಮದವರೇ ಆಗಲಿ.

ಸ್ವಲ್ಪ ಕಾಲ ಹೀಗೆ ನಡೆದ ಮೇಲೆ ಬೇರೆ ಧರ್ಮದ ಒಬ್ಬ ಸಾಧಕರನ್ನು ಹುಡುಕಿ ಪರಿಚಯ ಮಾಡಿಕೊಳ್ಳಿ. ಅವರ ಪ್ರಾರ್ಥನೆಗೆ ಕರೆದರೆ ಹೋಗಿ, ಹಿಂದೆ ಕೂತು ಗಮನಿಸಿ. ನಿಮ್ಮ ಮನಸ್ಸು ಒಪ್ಪದ ವಿಧಿ ಬಂದಾಗ ಸುಮ್ಮನೆ ಕೈಜೋಡಿಸಿ ಕೂರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಆಮೇಲೆ ಅವರು ನಂಬುವುದೇನು ಎಂದು ಕೇಳುವ ಮುಂಚೆ, ಪ್ರಾರ್ಥನೆಯಲ್ಲಿ ಅವರಿಗೆ ಕಷ್ಟವಾಗುವುದೇನು ಎಂದು ಕೇಳಿ.